ಡೈಡ್ಯಾಕ್ಟಿಕ್ ಎಂದರೆ ಹೊಗಳಿಕೆಯಾ, ಬೈಗುಳವಾ?

ಪ್ರಶ್ನೆ: ಬಿ.ಎಡ್. ಮುಗಿಸಿ ಉಡುಪಿಯ ಶಾಲೆಯೊಂದಕ್ಕೆ ಅರ್ಜಿ ಬರೆಯುತ್ತಿದ್ದೇನೆ. ‘ಐ ಆ್ಯಮ್ ಎ ವೆರಿ ಡೈಡ್ಯಾಕ್ಟಿಕ್ ಟೀಚರ್’ ಎಂದು ಹಾಕಬಹುದೇ? ಡಿಕ್ಷನರಿಯಲ್ಲಿ ‘ಬೋಧಕ’ ಎಂದೇ ಉಂಟು.

ಉತ್ತರ: ಇಂಥ ಪತ್ರ ಈ ವರ್ಷ ನಾಲ್ಕನೆಯದು. ಮೊದಲು ಆ ಸಾಲು ಹೊಡೆದುಹಾಕಿ. ಓದಿದವರು ‘ಈ ಜನ ಬಾಯಿ ತೆರೆದರೆ ಉಪದೇಶ’ ಅಂದುಕೊಳ್ಳುತ್ತಾರೆ.

ಡಿಕ್ಷನರಿಯದ್ದು ಸುಳ್ಳಲ್ಲ. ಪದದ ಬೇರು ಗ್ರೀಕಿನ ‘ಡಿಡಾಸ್ಕೈನ್’, ಕಲಿಸು ಎಂದರ್ಥ. ಜೆಕ್ ಶಿಕ್ಷಣತಜ್ಞ ಕೊಮೇನಿಯಸ್ 1657ರಲ್ಲಿ ಅಚ್ಚಾದ ತನ್ನ ಬೋಧನಾಶಾಸ್ತ್ರಕ್ಕೆ ‘ಡಿಡಾಕ್ಟಿಕಾ ಮಾಗ್ನಾ’ ಎಂದು ಹೆಸರಿಟ್ಟದ್ದು ಹೆಮ್ಮೆಯಿಂದಲೇ. ಜರ್ಮನರಿಗೆ ಇವತ್ತಿಗೂ ‘ಡಿಡಾಕ್ಟಿಕ್’ ಎಂದರೆ ಪಾಠ ಹೇಳುವ ಶಾಸ್ತ್ರ. ಇಂಗ್ಲಿಷಿಗೆ ಬಂದ ಮೇಲೆ ಪದ ಮೆಲ್ಲಗೆ ಕಹಿಯಾಯಿತು. ರಸ ಬೇಕೆಂದು ಪುಸ್ತಕ ಹಿಡಿದವನ ಬಾಯಿಗೆ ನೀತಿ ತುರುಕಿದರೆ ಸಿಟ್ಟು ಬಾರದೆ? ಅಮೆರಿಕದ ಕವಿ ಎಡ್ಗರ್ ಅಲನ್ ಪೋ ಅಂತೂ ಕವಿತೆ ನೀತಿ ಹೇಳಲೇಬೇಕೆಂಬ ನಂಬಿಕೆಯನ್ನು ‘ಹೆರೆಸಿ’, ಪಾಷಂಡವಾದ, ಎಂದೇ ಜರೆದ.

ಹಾಗಾಗಿ ಪದದ ಪಕ್ಕದಲ್ಲಿ ಯಾರು ಕೂತಿದ್ದಾರೆ ನೋಡಬೇಕು. ‘ಡೈಡ್ಯಾಕ್ಟಿಕ್ ಪೊಯೆಟ್ರಿ’ ಒಂದು ಕಾವ್ಯಪ್ರಕಾರ. ಬೇಸಾಯದ ಬಗ್ಗೆ ರೋಮನ್ ಕವಿ ವರ್ಜಿಲ್ ಬರೆದ ‘ಜಾರ್ಜಿಕ್ಸ್’ಗೂ ಒಪ್ಪುತ್ತದೆ, ಸರ್ವಜ್ಞನ ತ್ರಿಪದಿಗೂ ಒಪ್ಪುತ್ತದೆ. ನಮ್ಮ ಮೆಡಿಕಲ್ ಮಕ್ಕಳ ‘ಡೈಡ್ಯಾಕ್ಟಿಕ್ ಕ್ಲಾಸ್’ ಅಂದರೆ ವಾರ್ಡಿನಲ್ಲಲ್ಲ, ಲೆಕ್ಚರ್ ಹಾಲ್‌ನಲ್ಲಿ ಕೂತು ಕೇಳುವ ಪಾಠ, ಅಷ್ಟೆ. ಮನುಷ್ಯನಿಗೋ ಅವನ ಧಾಟಿಗೋ ಅಂಟಿಸಿದಿರೋ, ಕೆಟ್ಟಿತು. ತಾಳಮದ್ದಳೆಯಲ್ಲಿ ಅರ್ಜುನನಿಗೆ ಬಾಯಿ ಹಾಕಲು ಬಿಡದೆ ಗಂಟೆಗಟ್ಟಲೆ ಧರ್ಮ ಕೊರೆಯುವ ಕೃಷ್ಣ ಇರುತ್ತಾನಲ್ಲ, ಅವನು ಡೈಡ್ಯಾಕ್ಟಿಕ್. ಅಂಥ ಒಬ್ಬ ಕೃಷ್ಣನೆದುರು ನಾನು ನಿದ್ದೆ ಹೋದದ್ದೂ ಉಂಟು.

ನಿಮ್ಮ ಅರ್ಜಿಗೆ ‘ಐ ಎಕ್ಸ್‌ಪ್ಲೇನ್ ಕ್ಲಿಯರ್ಲಿ’ ಸಾಕು ಮಾರಾಯ್ರೆ.

ಪ್ರಶ್ನೆ: ಡೈಡ್ಯಾಕ್ಟಿಕ್, ಡಿಕ್ಟೇಟರ್ ಎರಡಕ್ಕೂ ಒಂದೇ ಮೂಲವೆಂದು ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲಿ ಹೇಳಿದರು. ಹೌದೇ?

ಉತ್ತರ: ಅಲ್ಲ. ಒಂದು ಗ್ರೀಕಿನದು, ಇನ್ನೊಂದು ಲ್ಯಾಟಿನ್ನಿನದು. ಇಪ್ಪತ್ತು ದಿನದಲ್ಲಿ ಇಂಗ್ಲಿಷ್ ಎಂದು ಕರೆಂಟ್ ಕಂಬಕ್ಕೆ ಚೀಟಿ ಅಂಟಿಸುವವರಿಗೆ ಫೀಸು ಕಟ್ಟಿದರೆ ಇಂಥದ್ದೇ ಸಿಗುವುದು. ಕೊಟ್ಟ ನೋಟ್ಸ್ ಒಲೆಗೆ ಹಾಕಿ.

ಪ್ರಶ್ನೆ: ಪೆಡ್ಯಾಂಟಿಕ್ ಅಂದರೂ ಇದೇ ಅಲ್ಲವೇ?

ಉತ್ತರ: ಅಲ್ಲ. ಒಂದು ಕಾಮಾ ತಪ್ಪಿದರೆ ಜಗಳಕ್ಕೆ ಬರುವವನು ಪೆಡ್ಯಾಂಟಿಕ್. ಉದಾಹರಣೆ ಬೇಕಿದ್ದರೆ ನನ್ನ ಹೆಂಡತಿಯನ್ನು ಕೇಳಿ.

ಪ್ರಶ್ನೆ: ಉಚ್ಚಾರ ‘ಡಿ’ಯೋ ‘ಡೈ’ಯೋ?

ಉತ್ತರ: ಎರಡೂ ನಡೆಯುತ್ತದೆ. ಇದಕ್ಕಾಗಿ ಇನ್ನು ಪತ್ರ ಬೇಡ.