ಕೆರೆ ಹೂಳೆತ್ತಿಸಿದರೆ ಲೆಕ್ಕ ಚುಕ್ತಾ ಆಯಿತೇ?

ಓದುಗರ ಪತ್ರ: ನಮ್ಮೂರ ಪಕ್ಕದ ಕಾರ್ಖಾನೆಯವರು ಕೆರೆ ಹೂಳೆತ್ತಿಸಿ, ಏರಿಯ ಮೇಲೆ ದೊಡ್ಡ ಬೋರ್ಡ್ ಹಾಕಿದ್ದಾರೆ. ಅದೇ ಕಾರ್ಖಾನೆಯ ಬೋರ್‌ವೆಲ್‌ಗಳು ಹಗಲು ರಾತ್ರಿ ಓಡುತ್ತಿವೆ, ನಮ್ಮ ತೋಟದ ಬೋರ್‌ಗಳು ಒಂದೊಂದಾಗಿ ಬತ್ತುತ್ತಿವೆ. ಗ್ರಾಮಸಭೆಯಲ್ಲಿ ಇದನ್ನು ಎತ್ತಿದರೆ, "ಕೆರೆ ಮಾಡಿಸಿಕೊಟ್ಟವರ ಮೇಲೇ ದೂರಾ?" ಎಂದು ನನ್ನ ಬಾಯಿ ಮುಚ್ಚಿಸಿದರು. ನಾನು ಕೇಳಿದ್ದು ತಪ್ಪೇ?
– ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಓದುಗರು

ಸಂಪಾದಕರ ಉತ್ತರ:

ತಪ್ಪಲ್ಲ. ಕೆರೆ ಕೆಲಸ ಒಳ್ಳೆಯದು, ಅದನ್ನು ಊರು ಮನಸಾರೆ ಮೆಚ್ಚಲಿ. ಆದರೆ ಕಾರ್ಖಾನೆ ದಿನಕ್ಕೆ ಎಷ್ಟು ನೀರು ಎತ್ತುತ್ತದೆ, ಎಂಥ ನೀರನ್ನು ಹೊರಗೆ ಬಿಡುತ್ತದೆ ಎಂಬ ಪ್ರಶ್ನೆಗೆ ಕೆರೆ ಉತ್ತರವಾಗುವುದಿಲ್ಲ.

ಕಾನೂನು ಕೂಡ ಇವೆರಡನ್ನು ಬೇರೆ ಬೇರೆಯಾಗಿಯೇ ಇಟ್ಟಿದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಕನಿಷ್ಠ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಕೊಡಬೇಕು. ಎಲ್ಲರೂ ಸಿಎಸ್‌ಆರ್ ಎನ್ನುವುದು ಇದನ್ನೇ. ಹೂಳೆತ್ತುವುದು ಈ ಖಾತೆಗೆ ಬರುತ್ತದೆ. ಆದರೆ ಕಂಪನಿ ತನ್ನ ಮಾಮೂಲಿ ವ್ಯವಹಾರಕ್ಕಾಗಿ ಮಾಡುವ ಕೆಲಸವನ್ನು ಇದರಲ್ಲಿ ತೋರಿಸುವಂತಿಲ್ಲ. ತನ್ನ ಕೊಳಚೆಯನ್ನು ತಾನೇ ಶುದ್ಧ ಮಾಡುವುದು 1974ರ ಜಲ ಕಾಯ್ದೆಯಡಿ ಅದರ ಕರ್ತವ್ಯ. ಹೊರಗೆ ಎಷ್ಟೇ ದಾನ ಮಾಡಿದರೂ ಕಾಂಪೌಂಡ್ ಒಳಗಿನ ಈ ಕರ್ತವ್ಯ ಕಡಿಮೆಯಾಗುವುದಿಲ್ಲ.

ಗ್ರಾಮಸಭೆಯಲ್ಲಿ ಮಾತು ಬೆಳೆದರೆ ಒಂದು ಲೆಕ್ಕ ಹಾಕಿ ತೋರಿಸಿ. ಒಂದು ಎಕರೆಯಲ್ಲಿ ಒಂದು ಅಡಿ ಹೂಳು ತೆಗೆದರೆ ಸುಮಾರು 12.3 ಲಕ್ಷ ಲೀಟರ್ ನೀರಿಗೆ ಜಾಗ ಆಗುತ್ತದೆ. 20 ಎಕರೆ ಕೆರೆಯಲ್ಲಿ ಮೂರು ಅಡಿ ತೆಗೆದರು ಅಂದುಕೊಳ್ಳಿ. ಹೆಚ್ಚುವರಿ ಜಾಗ ಸುಮಾರು 7.4 ಕೋಟಿ ಲೀಟರ್. ಕೇಳಲು ಬಹಳ ದೊಡ್ಡದು. ಈಗ ಕಾರ್ಖಾನೆ ದಿನಕ್ಕೆ 3 ಲಕ್ಷ ಲೀಟರ್ ಎತ್ತುತ್ತದೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ ಸುಮಾರು 11 ಕೋಟಿ ಲೀಟರ್ ಆಯಿತು. ಅಂದರೆ ಆ ಹೊಸ ಜಾಗ ಒಮ್ಮೆ ಪೂರ್ತಿ ತುಂಬಿದರೂ ಕಾರ್ಖಾನೆಯ ಒಂದು ವರ್ಷದ ಬಳಕೆಗೆ ಸಾಲದು. ಇವು ಉದಾಹರಣೆಗೆ ಹಿಡಿದ ಅಂಕಿಗಳು. ನಿಮ್ಮೂರಿನ ನಿಜವಾದ ಅಂಕಿ ಹಾಕಿಕೊಂಡು ನೋಡಿ.

ಇನ್ನೊಂದು ವಿಷಯವೂ ಇದೆ. ಜಾಗ ಮಾಡಿದ ಮಾತ್ರಕ್ಕೆ ನೀರು ಬರುವುದಿಲ್ಲ, ಅಲ್ವಾ? ರಾಜಕಾಲುವೆ ಮುಚ್ಚಿದ್ದರೆ ಮಳೆಯಾದರೂ ಕೆರೆ ತುಂಬದು. ತುಂಬಿದರೂ ಒಂದಷ್ಟು ಬಿಸಿಲಿಗೆ ಆರಿಹೋಗುತ್ತದೆ. ಮೇಲಾಗಿ ನಮ್ಮ ಕಡೆಯದು ಗಟ್ಟಿ ಬಂಡೆಯ ನೆಲ. ಕೆರೆಯಿಂದ ಇಂಗುವ ನೀರು ಮೊದಲು ಮೇಲಿನ ಮಣ್ಣು, ಸಡಿಲ ಕಲ್ಲಿನ ಪದರಕ್ಕೆ ಹೋಗುತ್ತದೆ, ತೆರೆದ ಬಾವಿಗಳಿಗೆ ಜೀವ ಕೊಡುತ್ತದೆ. ಸಾವಿರ ಅಡಿ ಬೋರ್‌ವೆಲ್ ಎಳೆಯುವುದು ಬಂಡೆಯ ಬಿರುಕಿನಲ್ಲಿ ವರ್ಷಾನುಗಟ್ಟಲೆ ಕೂಡಿದ ನೀರನ್ನು. ಅದು ಅಷ್ಟು ಬೇಗ ತುಂಬಿಕೊಳ್ಳುವುದಿಲ್ಲ. "ನಾವು ಬಳಸಿದಷ್ಟು ನೀರನ್ನು ಭೂಮಿಗೆ ಮರಳಿಸಿದ್ದೇವೆ" ಎಂದು ಯಾವುದಾದರೂ ಕಂಪನಿ ಹೇಳಿದರೆ, ಯಾವ ಪದರಕ್ಕೆ, ಯಾವ ಊರಲ್ಲಿ, ಯಾವ ವರ್ಷ ಕೆರೆ ನಿಜವಾಗಿ ತುಂಬಿತ್ತು ಎಂದು ಕೇಳಲೇಬೇಕು.

ಹೀಗೆ ಕೇಳಿದ ಒಂದು ಊರು ನಮ್ಮ ಪಕ್ಕದಲ್ಲೇ ಇದೆ. ಕೇರಳದ ಪಾಲಕ್ಕಾಡ್ ಜಿಲ್ಲೆಯ ಪ್ಲಾಚಿಮಾಡ. 2000ರಲ್ಲಿ ಅಲ್ಲಿ ಕೋಕಾ-ಕೋಲಾ ಘಟಕ ಶುರುವಾಯಿತು. ಎರಡು ವರ್ಷದೊಳಗೆ ಸುತ್ತಲ ಬಾವಿಗಳ ನೀರು ಇಳಿಯಿತು, ಉಳಿದ ನೀರು ಕುಡಿಯಲು ಬಾರದಂತಾಯಿತು ಎಂದು ಜನ ದೂರಿದರು. ಹೋರಾಟಕ್ಕೆ ನಿಂತವರಲ್ಲಿ ಆದಿವಾಸಿ ಮಹಿಳೆಯರೇ ಮುಂದಿದ್ದರು. ಕೊಡ ಹೊತ್ತು ದೂರ ನಡೆಯಬೇಕಾಗಿ ಬಂದದ್ದು ಅವರಿಗೇ ತಾನೆ. ಅವರಲ್ಲೊಬ್ಬರಾದ ಮಯಿಲಮ್ಮ ಇಡೀ ದೇಶಕ್ಕೆ ಗೊತ್ತಾದರು. ಗೊಬ್ಬರವೆಂದು ರೈತರಿಗೆ ಕೊಟ್ಟಿದ್ದ ಘಟಕದ ಕೆಸರಿನಲ್ಲಿ ಕ್ಯಾಡ್ಮಿಯಂ, ಸೀಸ ಇರುವುದನ್ನು 2003ರಲ್ಲಿ ಬಿಬಿಸಿ ರೇಡಿಯೊ ಬಯಲು ಮಾಡಿತು. ಅದೇ ವರ್ಷ ಆ ಊರಿನ ಪೆರುಮಾಟ್ಟಿ ಪಂಚಾಯಿತಿ ಘಟಕದ ಪರವಾನಗಿ ನವೀಕರಿಸಲು ಒಪ್ಪಲಿಲ್ಲ. ಒಂದು ಗ್ರಾಮ ಪಂಚಾಯಿತಿ ಇಷ್ಟು ಗಟ್ಟಿಯಾಗಿ ನಿಂತಿತು ಎಂಬುದನ್ನು ನಿಮ್ಮ ಪಂಚಾಯಿತಿ ಸದಸ್ಯರಿಗೆ ಖಂಡಿತ ಹೇಳಿ.

ವಿಷಯ ಕೋರ್ಟಿಗೆ ಹೋಯಿತು. 2003ರ ಡಿಸೆಂಬರ್‌ನಲ್ಲಿ ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ, ಅಂತರ್ಜಲ ಜನರ ಆಸ್ತಿ, ಸರ್ಕಾರ ಅದನ್ನು ಕಾಯಬೇಕಾದ ಧರ್ಮದರ್ಶಿ ಎಂದಿತು. ಜಮೀನು ನಮ್ಮದು ಎಂಬ ಕಾರಣಕ್ಕೆ ಮನಬಂದಷ್ಟು ನೀರೆತ್ತುವ ಹಕ್ಕಿಲ್ಲ ಎಂದಿತು. 2005ರಲ್ಲಿ ಅದೇ ಕೋರ್ಟಿನ ವಿಭಾಗೀಯ ಪೀಠ ಬೇರೆ ನಿಲುವು ತಳೆದು, ಷರತ್ತಿನ ಮೇಲೆ ದಿನಕ್ಕೆ 5 ಲಕ್ಷ ಲೀಟರ್ ಎತ್ತಲು ಬಿಟ್ಟಿತು. ಆದರೆ 2004ರ ಮಾರ್ಚ್‌ನಲ್ಲಿ ನಿಂತ ಘಟಕ ಮತ್ತೆ ಮೊದಲಿನಂತೆ ಓಡಲಿಲ್ಲ. ಅಲ್ಲಿ ಇನ್ನು ಉತ್ಪಾದನೆ ಮಾಡುವುದಿಲ್ಲ ಎಂದು 2017ರಲ್ಲಿ ಕಂಪನಿ ಸುಪ್ರೀಂ ಕೋರ್ಟಿಗೆ ಹೇಳಿತು. ಪರಿಹಾರದ ಕಥೆ ಮಾತ್ರ ನೋವಿನದು. ಕೇರಳ ಸರ್ಕಾರದ ಉನ್ನತಾಧಿಕಾರ ಸಮಿತಿ 2010ರಲ್ಲಿ ನಷ್ಟವನ್ನು ಸುಮಾರು 216 ಕೋಟಿ ರೂಪಾಯಿ ಎಂದು ಅಂದಾಜಿಸಿತು. 2011ರಲ್ಲಿ ವಿಧಾನಸಭೆ ಮಸೂದೆಯನ್ನೂ ಪಾಸು ಮಾಡಿತು. ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಸಿಗಲಿಲ್ಲ. ಬಾವಿ ಕೆಟ್ಟ ಮೇಲೆ ಹೋರಾಡುವುದು ಎಷ್ಟು ಕಷ್ಟ ನೋಡಿ. ನೀವು ಈಗಲೇ ಲೆಕ್ಕ ಕೇಳಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಕಾರ್ಖಾನೆಗಳೇ ಬೇಡ ಎಂದು ನಾನು ಹೇಳುತ್ತಿಲ್ಲ. ನಿಮ್ಮೂರ ಮಕ್ಕಳು ಅಲ್ಲೇ ಕೆಲಸಕ್ಕಿರಬಹುದು. ಕುಡಿಯುವ ನೀರನ್ನು ಮುಟ್ಟದೆ ಉದ್ದಿಮೆ ನಡೆಸುವ ದಾರಿಯೂ ಇದೆ. ಚೆನ್ನೈನಲ್ಲಿ ಕೊಯಂಬೇಡು ಮತ್ತು ಕೊಡುಂಗೈಯೂರಿನಲ್ಲಿ ದಿನಕ್ಕೆ ತಲಾ 4.5 ಕೋಟಿ ಲೀಟರ್ ಸಾಮರ್ಥ್ಯದ ಘಟಕಗಳು 2019ರಿಂದ ಕೆಲಸ ಮಾಡುತ್ತಿವೆ. ನಗರದ ಚರಂಡಿ ನೀರನ್ನೇ ಶುದ್ಧ ಮಾಡಿ ಕಾರ್ಖಾನೆಗಳಿಗೆ ಮಾರುತ್ತವೆ. ನಿಮ್ಮ ಪಕ್ಕದ ಕಾರ್ಖಾನೆ ತಾನು ಬಳಸಿದ ನೀರಿನಲ್ಲಿ ಎಷ್ಟನ್ನು ಮತ್ತೆ ಬಳಸುತ್ತದೆ? ಕೇಳಲು ಇದಕ್ಕಿಂತ ಸರಳವಾದ ಪ್ರಶ್ನೆ ಇಲ್ಲ.

ಇನ್ನು ಕಾಗದಪತ್ರದ ಮಾತು. ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪಡೆದ ಪ್ರತಿ ಕಾರ್ಖಾನೆಯೂ ವರ್ಷಕ್ಕೊಮ್ಮೆ ಫಾರಂ 5 ಎಂಬ ಪರಿಸರ ವಿವರಣಾ ಪಟ್ಟಿ ಕೊಡಬೇಕು. ಮಾರ್ಚ್ 31ಕ್ಕೆ ಮುಗಿದ ವರ್ಷದ್ದನ್ನು ಸೆಪ್ಟೆಂಬರ್ 30ರೊಳಗೆ. ಉತ್ಪಾದನೆಗೆ, ಯಂತ್ರ ತಣಿಸಲು, ಮನೆಬಳಕೆಗೆ ಎಷ್ಟೆಷ್ಟು ನೀರು ಹೋಯಿತು ಎಂಬುದು ಅದರಲ್ಲಿ ಇರುತ್ತದೆ. ಒಂದು ಸಾಮಾನು ತಯಾರಿಸಲು ಎಷ್ಟು ನೀರು ಬೇಕಾಯಿತು ಎಂಬುದೂ ಇರುತ್ತದೆ. ಸಮ್ಮತಿ ಪತ್ರ ಮತ್ತು ಕಳೆದ ಐದು ವರ್ಷಗಳ ಫಾರಂ 5, ಎರಡನ್ನೂ ಮಂಡಳಿಯಿಂದ ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕಂಪನಿ ಮಾರುಕಟ್ಟೆ ಮೌಲ್ಯದಲ್ಲಿ ಷೇರುಪೇಟೆಯ ಮೊದಲ ಸಾವಿರ ಕಂಪನಿಗಳಲ್ಲಿ ಒಂದಾಗಿದ್ದರೆ ಇನ್ನೂ ಸುಲಭ. 2022–23ರಿಂದ ಅಂಥ ಕಂಪನಿಗಳು ಎಲ್ಲಿಂದ ಎಷ್ಟು ನೀರು ತೆಗೆದವು ಎಂಬುದನ್ನು ವಾರ್ಷಿಕ ವರದಿಯ ಜೊತೆ ಪ್ರಕಟಿಸಲೇಬೇಕು. ಅದು ಇಡೀ ಕಂಪನಿಯ ಲೆಕ್ಕ. ಹಾಗಾಗಿ ನಿಮ್ಮೂರ ಘಟಕದ್ದಕ್ಕೆ ಫಾರಂ 5 ಬೇಕೇ ಬೇಕು.

ಒಬ್ಬರೇ ಹೋಗಬೇಡಿ. ಬೋರ್ ಬತ್ತಿದ ನಾಲ್ಕಾರು ರೈತರು ಸೇರಿ ತಮ್ಮ ತಮ್ಮ ಬೋರ್ ಎಷ್ಟು ಅಡಿ, ಯಾವ ವರ್ಷ ಕೊರೆಸಿದ್ದು, ಯಾವಾಗ ನಿಂತಿತು ಎಂಬುದನ್ನು ಬರೆದಿಡಿ. ಮಂಡಳಿಯ ಉತ್ತರ ಬಂದ ಕೂಡಲೇ ಒಂದು ಪ್ರತಿ ನಮಗೆ ಕಳಿಸಿ. ಅಂಕಿಗಳನ್ನು ಜೊತೆಯಲ್ಲೇ ಕೂತು ನೋಡೋಣ, ಕಂಪನಿಯ ಮಾತನ್ನೂ ಕೇಳಿ ಅಚ್ಚು ಹಾಕುತ್ತೇವೆ.