ಇರಾನಿನ ಕ್ರಾಂತಿಗೆ ಧರ್ಮವೇ ಮುಖ್ಯ ಕಾರಣ ಅಂತ ಬರೆದರೆ ಸಾಕಾ?

ಸಾಲದು. 1979ರ ಇರಾನ್ ಕ್ರಾಂತಿ ಬಗ್ಗೆ ಎಂ.ಎ.ಯಲ್ಲಿ ಹಾಗೇ ಬರೆದು, ಮೌಖಿಕ ಪರೀಕ್ಷೆಯಲ್ಲಿ ಪೆಚ್ಚಾದವನು ನಾನು.

ನನ್ನ ಪ್ರಬಂಧ ಶುರುವಾಗುತ್ತಿದ್ದದ್ದೇ 1979ರ ಫೆಬ್ರವರಿ 1ರಂದು, ಗಡೀಪಾರಾಗಿದ್ದ ಧರ್ಮಗುರು ಖೊಮೇನಿ ಇರಾನಿಗೆ ಮರಳಿ ವಿಮಾನದಿಂದ ಇಳಿಯುವ ದೃಶ್ಯದಿಂದ. ಪರೀಕ್ಷಕರು ಕೇಳಿದ್ದು ಇಷ್ಟೇ: ಗಲಾಟೆ ಶುರುವಾದ 1978ರ ಜನವರಿಯಲ್ಲಿ ಅವರು ಎಲ್ಲಿದ್ದರು? ಪ್ಯಾರಿಸ್ ಅಂದೆ. ತಪ್ಪು. 1965ರಿಂದ ಇದ್ದದ್ದು ಇರಾಕಿನ ನಜಫ್‌ನಲ್ಲಿ. ಫ್ರಾನ್ಸಿಗೆ ಹೋದದ್ದು 1978ರ ಅಕ್ಟೋಬರ್‌ನಲ್ಲಿ, ಅಲ್ಲಿದ್ದದ್ದು ನಾಲ್ಕು ತಿಂಗಳೂ ಇಲ್ಲ. ಊರಿನ ಹೆಸರು ತಪ್ಪಿದ್ದಕ್ಕೆ ಅಂಕ ಹೋಯಿತು ಅಂದುಕೊಳ್ಳಬೇಡಿ. ಕೊನೆಯ ಫೋಟೊ ನೋಡಿಕೊಂಡು ಇಡೀ ಕಥೆಯನ್ನು ಹಿಂದಕ್ಕೆ ಓದಿದ್ದೆ. ಕೊನೆಗೆ ಗೆದ್ದವರೇ ಶುರು ಮಾಡಿದವರು, ಅವರ ಸಿಟ್ಟೇ ಎಲ್ಲರ ಸಿಟ್ಟು ಅಂತ ಸುಮ್ನೆ ನಂಬಿದ್ದೆ. ಹಾಗಾಗಿ ನಲವತ್ತು ಪುಟದಲ್ಲಿ ಬಜಾರಿನ ವ್ಯಾಪಾರಿಗಳಿಗೆ ಒಂದು ಸಾಲೂ ಸಿಕ್ಕಿರಲಿಲ್ಲ.

ಸುಳಿವು ಮನೆಯಲ್ಲೇ ಇತ್ತು ನೋಡಿ. ಅಪ್ಪ ಕುದುರೆಮುಖ ಗಣಿಯಲ್ಲಿದ್ದರು. ಆ ಗಣಿ ಎದ್ದದ್ದೇ ಇರಾನಿನ ದೊರೆ ಷಾನ ಸರ್ಕಾರದ ಸಾಲ ನಂಬಿ. ಅದಿರನ್ನೂ ಇರಾನೇ ಕೊಳ್ಳಬೇಕಿತ್ತು. ಷಾ ಬಿದ್ದ, ಗಿರಾಕಿಯೂ ಹೋದ. ಅವನಿಗೆ ಅಷ್ಟು ದುಡ್ಡು ಎಲ್ಲಿಂದ ಬಂತು ಅಂತ ನಾನು ಒಮ್ಮೆಯೂ ಕೇಳಲಿಲ್ಲ. 1973ರ ಕೊನೆಗೆ, ಕೆಲವೇ ತಿಂಗಳಲ್ಲಿ ತೈಲದ ಬೆಲೆ ನಾಲ್ಕು ಪಟ್ಟಾಗಿತ್ತು. ಹಣ ಹೊಳೆಯಾಗಿ ಬಂತು, ಜೊತೆಗೆ ಬಾಡಿಗೆ, ದಿನಸಿ ಎಲ್ಲ ಏರಿತು. ತಪ್ಪೆಲ್ಲ ವ್ಯಾಪಾರಿಗಳದ್ದು ಅಂತ ಷಾ 1975ರಲ್ಲಿ ಅಂಗಡಿಗಳಿಗೆ ತಪಾಸಣೆಗೆ ಹುಡುಗರನ್ನು ನುಗ್ಗಿಸಿದ. ಸಾವಿರಾರು ಜನರಿಗೆ ದಂಡ, ಜೈಲು. ಅದೇ ವರ್ಷ ಇದ್ದಬದ್ದ ಪಕ್ಷಗಳನ್ನು ಮುಚ್ಚಿಸಿ ರಸ್ತಾಖೀಜ್ ಅನ್ನೋ ಒಂದೇ ಪಕ್ಷ ಮಾಡಿದ. ಹೊರಗೆ ಬಾಯಿ ಬಿಟ್ಟರೆ ಸವಾಕ್ ಅನ್ನುವ ಗುಪ್ತ ಪೊಲೀಸರು. ಜನ ಸೇರುವುದಕ್ಕೆ ಉಳಿದದ್ದು ಮಸೀದಿ ತಾನೆ?

ಧರ್ಮ ಕೆಲಸಕ್ಕೆ ಬಂದದ್ದು ಇಲ್ಲಿ. 1978ರ ಜನವರಿ 9ರಂದು ಖೋಮ್ ನಗರದಲ್ಲಿ ಪ್ರತಿಭಟಿಸಿದ ಜನ ಪೊಲೀಸರ ಗುಂಡಿಗೆ ಸತ್ತರು. ಇರಾನಿನಲ್ಲಿ ಬಹುಪಾಲು ಜನ ಶಿಯಾ ಮುಸ್ಲಿಮರು; ಅವರು ಸತ್ತ ನಲವತ್ತನೇ ದಿನ ಸೇರಿ ಶೋಕಿಸುತ್ತಾರೆ. ಫೆಬ್ರವರಿ 18ಕ್ಕೆ ತಬ್ರೀಜ್‌ನಲ್ಲಿ ಸೇರಿದರು, ಅಲ್ಲೂ ಹೆಣ ಬಿತ್ತು. ಮತ್ತೆ ನಲವತ್ತು ದಿನಕ್ಕೆ ಯಜ್ದ್ ನಗರದಲ್ಲಿ. ತಿಥಿಯೇ ಚಳವಳಿಯ ಕ್ಯಾಲೆಂಡರ್ ಆಯಿತು. ಆದರೂ ಷಾನ ಬೆನ್ನು ಮುರಿದದ್ದು ತೈಲ ಕಾರ್ಮಿಕರು ಅಂತಲೇ ನಾನು ಹೇಳುವುದು. ಅವರ ಮುಷ್ಕರದಿಂದ ಡಿಸೆಂಬರ್ ಕೊನೆಗೆ ರಫ್ತೇ ನಿಂತಿತು. ಜನವರಿ 16ಕ್ಕೆ ಷಾ ದೇಶ ಬಿಟ್ಟ.

ಹಾಗಾಗಿ ‘ಮುಖ್ಯ ಕಾರಣ’ ಅನ್ನೋ ಪದವನ್ನೇ ಹೊಡೆದುಹಾಕಿ. ಉತ್ತರವನ್ನು 1973ರಿಂದ ಶುರು ಮಾಡಿ. ಖೊಮೇನಿ ಹೆಸರು ಮೂರನೇ ಪ್ಯಾರಾಗಿಂತ ಮುಂಚೆ ಬರಲೇಬಾರದು.