ಡಿಎಸ್ 1307 ಗಡಿಯಾರ ಚಿಪ್ ತಿಂಗಳಿಗೆ ಎರಡು ನಿಮಿಷ ಹಿಂದೆ ಬೀಳುತ್ತಿದೆ, ಯಾವ ಬ್ಯಾಟರಿ ಹಾಕಲಿ?

ಬ್ಯಾಟರಿಗೆ ದುಡ್ಡು ಹಾಕಬೇಡಿ. ನಾನು ಮೂರು ಸಲ ಹಾಕಿದ್ದೇನೆ.

ಪಾವಗಡದ ಕಡೆಯ ಒಂದು ಶಾಲೆಗೆ ತಾನಾಗಿಯೇ ಹೊಡೆಯುವ ಬೆಲ್ ಮಾಡಿಕೊಟ್ಟಿದ್ದೆ. ಮೂರು ತಿಂಗಳಿಗೆ ಹೆಡ್ ಮೇಷ್ಟ್ರ ಫೋನ್ ಬಂತು. "ಏನಪ್ಪಾ, ನಿನ್ನ ಬೆಲ್ ನಂಬಿಕೊಂಡು ಮಕ್ಕಳು ಸಂಜೆ ಬಸ್ ತಪ್ಪಿಸಿಕೊಂಡವು." ಬೆಲ್ ಆರು ನಿಮಿಷ ತಡವಾಗಿತ್ತು. ಆ ಮಕ್ಕಳು ನಾಲ್ಕು ಕಿಲೋಮೀಟರ್ ನಡೆದು ಹೋದವು ಎಂದು ಕೇಳಿ ರಾತ್ರಿ ನಿದ್ದೆ ಬರಲಿಲ್ಲ.

ನಾನೂ ನಿಮ್ಮ ಹಾಗೇ ಬ್ಯಾಟರಿ ಮೇಲೆ ಅನುಮಾನಪಟ್ಟೆ. ಹೊಸ ಸಿಆರ್ 2032 ಬಿಲ್ಲೆ ಸೆಲ್ ಹಾಕಿದೆ, ಟೈಮ್ ಸರಿಮಾಡಿ ಬಂದೆ. ಮತ್ತೆ ಹಿಂದೆ ಬಿತ್ತು. ಬ್ಯಾಟರಿಯ ಕೆಲಸ ಕರೆಂಟ್ ಹೋದಾಗ ಗಡಿಯಾರ ನಿಲ್ಲದಂತೆ ನೋಡಿಕೊಳ್ಳುವುದು, ಅಷ್ಟೇ. ಅದು ಸತ್ತರೆ ಕರೆಂಟ್ ಹೋದ ಕೂಡಲೇ ಟೈಮೇ ಅಳಿಸಿಹೋಗುತ್ತದೆ. ದಿನಾ ನಾಲ್ಕು ನಾಲ್ಕು ಸೆಕೆಂಡ್ ಜಾರುವುದಿಲ್ಲ. ಜಾರಿಸುವುದು ಕ್ರಿಸ್ಟಲ್, ಎಂದರೆ ಮಿಡಿದು ಗಡಿಯಾರಕ್ಕೆ ಟೈಮ್ ಎಣಿಸಿಕೊಡುವ ಸಣ್ಣ ಹರಳು.

ನನ್ನ ತಪ್ಪು ಇದ್ದದ್ದು ಅಲ್ಲೇ. ಬೋರ್ಡಿನಲ್ಲಿ ಬೆಲ್ ನಡೆಸುವ ಮುಖ್ಯ ಚಿಪ್ಪಾದ ಮೈಕ್ರೋಕಂಟ್ರೋಲರ್‌ನ 16 ಮೆಗಾಹರ್ಟ್ಸ್ ಕ್ರಿಸ್ಟಲ್‌ಗೆ ಎರಡು 22 ಪಿಕೋಫ್ಯಾರಡ್ ಕೆಪಾಸಿಟರ್ (ಚಾರ್ಜ್ ಹಿಡಿದಿಡುವ ಬಿಡಿಭಾಗ, ಪಿಕೋಫ್ಯಾರಡ್ ಅದರ ಅಳತೆ) ಹಾಕಿದ್ದೆ. ಅದು ಸರಿ. ಕೈಗೆ ಅದೇ ರೂಢಿ, ಪಕ್ಕದ ಗಡಿಯಾರದ ಸಣ್ಣ ಕ್ರಿಸ್ಟಲ್‌ಗೂ ಎರಡು ಬೆಸುಗೆ ಹಾಕಿಬಿಟ್ಟೆ. ಸೆಕೆಂಡಿಗೆ 32,768 ಸಲ ಮಿಡಿಯುವ ಆ ಕ್ರಿಸ್ಟಲ್‌ಗೆ ಬೇಕಾದ 12.5 ಪಿಕೋಫ್ಯಾರಡ್ ಡಿಎಸ್ 1307ರ ಒಳಗೇ ಇರುತ್ತದೆ. ಹೊರಗಿನ ಎರಡು 22 ಒಂದರ ಹಿಂದೆ ಒಂದು ಸೇರಿ (ಹಾಗೆ ಸೇರಿದರೆ ಒಂದರ ಅರ್ಧವಾಗುತ್ತದೆ) ಇನ್ನೂ 11 ಜಾಸ್ತಿ ಆಯಿತು. ಕ್ರಿಸ್ಟಲ್ ಮೇಲಿನ ಈ ಹೊರೆ ಹೆಚ್ಚಿದರೆ ಮಿಡಿತ ನಿಧಾನ. ಆ ಚಿಪ್ಪಿನ ಡೇಟಾಶೀಟ್‌ನಲ್ಲಿ (ತಯಾರಕರ ವಿವರಪತ್ರದಲ್ಲಿ) ಹೊರಗಿನ ಕೆಪಾಸಿಟರ್ ಬೇಡ ಎಂದು ಸ್ಪಷ್ಟವಾಗಿಯೇ ಇದೆ. ನಾನು ಪಿನ್ ಚಿತ್ರ ನೋಡಿ ಮುಚ್ಚಿಟ್ಟಿದ್ದೆ. "22" ಎಂದು ಬರೆದ ಆ ಎರಡು ಕಂದು ಬಿಲ್ಲೆಗಳನ್ನು ಕಿತ್ತ ಮೇಲೆ ತಿಂಗಳಿಗೆ ಅರ್ಧ ನಿಮಿಷಕ್ಕೆ ಇಳಿಯಿತು. ನಿಮ್ಮದೂ ಎರಡು ನಿಮಿಷ ಅಂತೀರಿ, ಮೊದಲು ಅಲ್ಲೇ ನೋಡಿ.

ಅಷ್ಟಕ್ಕೇ ಮುಗಿಯಲಿಲ್ಲ. ಬೇಸಿಗೆಯಲ್ಲಿ ಮತ್ತೆ ಜಾರತೊಡಗಿತು. ಬೆಲ್ ಡಬ್ಬಿ ಇದ್ದದ್ದು ಛಾವಣಿ ಶೀಟಿನ ಕೆಳಗೆ. ಈ ಕ್ರಿಸ್ಟಲ್ 25 ಡಿಗ್ರಿಯಲ್ಲಿ ಸರಿಯಾಗಿರುತ್ತದೆ. ಬಿಸಿಯಾದರೂ ನಿಧಾನ, ತಣ್ಣಗಾದರೂ ನಿಧಾನ. 45 ಡಿಗ್ರಿಯಲ್ಲಿ ದಿನಕ್ಕೆ ಒಂದು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿಯೇ ಹೋಗುತ್ತದೆ. ಕೊನೆಗೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಡಿಎಸ್ 3231 ಎಂಬ ಬೇರೆ ಗಡಿಯಾರ ಚಿಪ್ ತಂದೆ. ಅದರಲ್ಲಿ ಕ್ರಿಸ್ಟಲ್ ಒಳಗೇ ಇದೆ, ಬಿಸಿ ಅಳೆದು ತಾನೇ ತಿದ್ದಿಕೊಳ್ಳುತ್ತದೆ. 40 ಡಿಗ್ರಿವರೆಗೆ ವರ್ಷಕ್ಕೆ ಹೆಚ್ಚೆಂದರೆ ಒಂದು ನಿಮಿಷ. ಶಾಲೆ, ಪಂಪು ಎಂದರೆ ನಾನು ಈಗ 1307 ಮುಟ್ಟುವುದೇ ಇಲ್ಲ.

ಒಂದು ಮಾತು. ಅಗ್ಗದ 3231 ಮಾಡ್ಯೂಲ್‌ಗಳಲ್ಲಿ ಬ್ಯಾಟರಿ ಚಾರ್ಜ್ ಮಾಡುವ ದಾರಿ ಇರುತ್ತದೆ. ಸಿಆರ್ 2032 ಚಾರ್ಜ್ ಆಗುವ ಸೆಲ್ ಅಲ್ಲ, ಉಬ್ಬಿಕೊಳ್ಳಬಹುದು. ಡಯೋಡ್ ಪಕ್ಕದ ಆ ರೆಸಿಸ್ಟರ್ ಕಿತ್ತುಬಿಡಿ.

ಸದ್ಯಕ್ಕೆ ಕ್ರಿಸ್ಟಲ್ ಹತ್ತಿರ ಕೆಪಾಸಿಟರ್ ಇದೆಯಾ ನೋಡಿ. ಇದ್ದರೆ ತೆಗೆದು, ಒಂದು ವಾರ ಫೋನಿನ ಟೈಮ್ ಜೊತೆ ಹೋಲಿಸಿ. ದಿನಕ್ಕೆ ಎಷ್ಟು ಸೆಕೆಂಡ್ ಬಂತು ಎಂದು ಇಲ್ಲೇ ಬರೆಯಿರಿ, ಮುಂದೆ ನೋಡೋಣ.